ಅಂಜದ ಚಿಗರಿಗಳು

ಮೋಟಾರು ಎದುರಿಗೇ ಬಂದು ನಿಂತರೂ ಚಿಗರಿಗಳು ಓಡಲಿಲ್ಲ. ಅಂದೋಲಾದ ಹತ್ತಿರ ಸರ್ಕಾರ ಈ ಜಿಂಕೆಗಳಿಗೆಂದೇ ಕಾಯ್ದಿರಿಸಿದ್ದ ಹುಲ್ಲುಗಾವಲಿಗೆ ನಮ್ಮಪ್ಪ ಕಾವಲುಗಾರ. ನಮ್ಮ ಕುರಿಗಳನ್ನೂ ಒಳಗೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಹೊತ್ತು ತಂದು ಕಲ್ಲಿನ ದೋಣಿಗೆ ಸುರಿದು, ‘ಹೋ’ ಎಂದು ಚಿಗರಿಗಳನ್ನು ಕರೆಯುತ್ತಿದ್ದ. ಅಂದು ಅಪ್ಪನ ಮೇಲಧಿಕಾರಿ ಸಾಹೇಬರು ತಮ್ಮ ಮನೆಗೆ ಬಂದಿದ್ದ ಮೆಹಮಾನರನ್ನು ಆ ಮೋಟಾರಿನಲ್ಲಿ ಶಿಕಾರಿಗೆ ಕರೆತಂದಿದ್ದರು.

“ಹೊಡೀಬ್ಯಾಡ್ರಿ ಸಾಹೇಬ್ರ. ಮಂದಿಗಿ ಅಂಜೂದು ನಾನೇ ಬಿಡಿಸೇನ್ರಿ,” ಎಂದು ಅಪ್ಪ ಕೈಮುಗಿದ.

“ಛಲೋ ಮಾಡೀದಿ. ನಮ್ಮ ಮೆಹಮಾನರಿಗಿ ಬೆನ್ನಹತ್ತೂ ತ್ರಾಸ ತಪ್ಪಿತು,” ಎಂದು ಸಾಹೇಬರು ನಕ್ಕರು.

ಮೊದಲ ಗುಂಡಿಗೆ ಗಂಡು ಚಿಗರಿ ಬಿತ್ತು. ಉಳಿದವು ಹೆದರಿ ಓಡಿದ್ದು ಅಪ್ಪನ ಕಡೆಗೇ.

ಮರುದಿನ ಅಪ್ಪ ಎಂದಿನಂತೆ ದೋಣಿಗೆ ನೀರು ತುಂಬಿದ. ಕುಡಿಯಲು ಬಂದವುಗಳತ್ತ ಕಲ್ಲು ಬೀಸಿದ. ಅಪ್ಪನಿಗೆ ಅಂಜುವುದನ್ನು ಕಲಿಯಲು ಅವಕ್ಕೆ ಆ ಬೇಸಿಗೆಯೆಲ್ಲ ಬೇಕಾಯಿತು.