ಗಾದಿಲಿಂಗಪ್ಪನ ಕೈಗುಣ

ಕಂಪ್ಲಿಯ ಹತ್ತು ಮಂಚದ ಆ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದವನು ಗಾದಿಲಿಂಗಪ್ಪ. ಅವನ ಕೈಗುಣ ಎಂಥದೆಂದರೆ, ಒಮ್ಮೆ ಮೇಜಿನ ಮುರುಕು ಕಾಲಿಗೆ ಬ್ಯಾಂಡೇಜು ಸುತ್ತಿದಾಗ ಅದು ಚಿಗುರೊಡೆದಿತ್ತಂತೆ. ಸುದ್ದಿ ಹಬ್ಬಿಸಿದವನೂ ಅವನೇ, ನಂಬಿದ ಮೊದಲ ದಡ್ಡನೂ ಅವನೇ. ಹಾಗಂತ ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಕೈಗುಣ ಇದ್ದವನಿಗೆ ಗ್ಲೌಸು ಯಾಕೆ? ರಬ್ಬರು ದಾಟಿ ಗುಣ ಇಳಿಯುವುದಿಲ್ಲ ಎಂಬುದು ಅವನ ವಾದ. ಸೋಪಿನ ಮೇಲೂ ಅನುಮಾನವೇ. ಬೆಳಿಗ್ಗೆ ಒಮ್ಮೆ ಕೈ ತೊಳೆದರೆ ಹತ್ತು ಮಂಚಕ್ಕೂ ಸಾಕು. ಪದೇ ಪದೇ ತೊಳೆದರೆ ಇದ್ದ ಗುಣವೂ ಮೋರಿ ಸೇರೀತು. ರೋಗಿಗಳು ಕೂಡ ಬರಿಗೈಯಲ್ಲೇ ಮುಟ್ಟು ಅಂತ ಕೇಳಿ ಮುಟ್ಟಿಸಿಕೊಳ್ಳುತ್ತಿದ್ದರು.

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ಹೊನ್ನೂರಪ್ಪ ಬಂದದ್ದೂ ಅದಕ್ಕೇ. ಲಾರಿಯ ಹಿಂಬಾಗಿಲು ಬಲಪಾದದ ಮೇಲೆ ಬಿದ್ದಿತ್ತು. ನಡುವೆ ಹೊಸಪೇಟೆಯ ಅಷ್ಟೂ ಆಸ್ಪತ್ರೆಗಳನ್ನು ಬಿಟ್ಟು ಕಂಪ್ಲಿಗೆ ಬಂದ. ಎಂಟು ದಿನ ಗಾದಿಲಿಂಗಪ್ಪ ಪಟ್ಟಿ ಕಟ್ಟಿದ. ಒಣಗಬೇಕಾದ ಗಾಯ ಹಸಿರು ಕೀವು ಕಟ್ಟಿತು. ಹೀಗೇ ಆದರೆ ಪಾದ ತೆಗೆಯಬೇಕಾದೀತು ಎಂದರು ಡಾಕ್ಟರು. ಬಲಪಾದ ಹೋದರೆ ಡ್ರೈವರನ ಅನ್ನವೂ ಹೋದಂತೆ.

ಹೊಸ ನರ್ಸು ಗಂಗೋತ್ರಿ ಮಲಪನಗುಡಿಯವಳು, ಮಾತು ಕಡಿಮೆ, ಕಣ್ಣು ಚುರುಕು. ಲ್ಯಾಬಿಗೆ ಕಳಿಸಲು ರೋಗಿಗಳ ಗಾಯಗಳಿಂದ ಹತ್ತಿಕಡ್ಡಿಯಲ್ಲಿ ಕೀವು ತೆಗೆದಳು. ಆಮೇಲೆ ಗಾದಿಲಿಂಗಪ್ಪನ ಬೆರಳಿಗೂ ಕಡ್ಡಿ ಒರೆಸಬೇಕೆಂದಳು. ತನ್ನ ಗುಣ ಅಳೆಯಲಿಕ್ಕೇ ಬಂದಳೆಂದು ಅವನು ಎದೆಯುಬ್ಬಿಸಿ ಕೈ ಚಾಚಿದ.

ಮೂರು ದಿನಕ್ಕೆ ಹೊಸಪೇಟೆಯ ಲ್ಯಾಬಿನಿಂದ ರಿಪೋರ್ಟು ಬಂತು. ಮೊದಲ ಮಂಚದ ಜಂಬಪ್ಪನ ಬೆನ್ನುಹುಣ್ಣಿನಲ್ಲಿ, ಹೊನ್ನೂರಪ್ಪನ ಪಾದದಲ್ಲಿ, ಗಾದಿಲಿಂಗಪ್ಪನ ಬೆಳ್ಳಿ ಉಂಗುರದಡಿಯಲ್ಲಿ ಒಂದೇ ಕ್ರಿಮಿ. ಗಂಗೋತ್ರಿ ಬೈಯಲಿಲ್ಲ. ಕ್ರಿಮಿಗೆ ಕಾಲಿಲ್ಲ, ಹೊರುವವರಿದ್ದರಷ್ಟೇ ಮಂಚ ದಾಟುತ್ತದೆ. ಆದ್ದರಿಂದ ಒಬ್ಬೊಬ್ಬ ರೋಗಿಗೂ ಮೊದಲು ಕೈತೊಳೆತ, ಹೊಸ ಗ್ಲೌಸು, ಕಳಚಿದ ಮೇಲೆ ಮತ್ತೆ ಕೈತೊಳೆತ ಎಂದು ಮೆಲ್ಲಗೆ ವಿವರಿಸಿದಳು. ವೈದ್ಯನೆಂದುಕೊಂಡಿದ್ದವನು ಇಷ್ಟು ವರ್ಷವೂ ಕ್ರಿಮಿಗಳ ಹಮಾಲನಾಗಿದ್ದ, ಅದೂ ಬಿಟ್ಟಿ.

ಡಾಕ್ಟರು ಔಷಧಿ ಬದಲಿಸಿದರು. ಗಂಗೋತ್ರಿ ಪಟ್ಟಿ ಕಟ್ಟಲು ಹೋದಾಗ ಹೊನ್ನೂರಪ್ಪ ಕಾಲು ಹಿಂದಕ್ಕೆಳೆದುಕೊಂಡ. "ನೀವು ಬ್ಯಾಡ್ರಿ ಸಿಸ್ಟರ್. ಗಾದಿಲಿಂಗಣ್ಣನ ಕೈನೇ ಬೇಕು."

ಅವಳು ರಿಪೋರ್ಟಿನ ಮಾತೆತ್ತದೆ ಗಾದಿಲಿಂಗಪ್ಪನತ್ತ ನೋಡಿದಳು. ಗಾದಿಲಿಂಗಪ್ಪನೂ ಸುಮ್ಮನಿದ್ದರೆ ರೋಗಿಗಳ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಮಂಚದ ಹತ್ತಿರ ಬಂದ.

"ಆ ಕೈನೇ ನಿನ್ನ ಕಾಲು ಕೆಡಿಸೇತಿ, ಹೊನ್ನೂರಪ್ಪ. ಜಂಬಪ್ಪನ ಕೀವು ತಂದು ನಿನಗ ಹಚ್ಚಿದಾಂವ ನಾನು."

ಹೊನ್ನೂರಪ್ಪ ತನ್ನ ಪಾದ ನೋಡಿಕೊಂಡ. "ಇದಕ್ಕಾ ನಾನು ಸಂಡೂರಿಂದ ಬಂದಿದ್ದು?" ಎಂದ. ಆಮೇಲೆ, "ಹೋಗು, ನನ್ನ ಕಣ್ಮುಂದ ತೊಳಿ. ಸಿಸ್ಟರ್ ಹೇಳಿದಂಗ."

ಗಾದಿಲಿಂಗಪ್ಪ ತೊಳೆದ. ಲಾರಿ ರಿವರ್ಸ್ ತೆಗೆಸುವವನ ಹಾಗೆ ಹೊನ್ನೂರಪ್ಪ ಮಂಚದಿಂದಲೇ ಕೈ ಆಡಿಸಿ ದಾರಿ ತೋರಿಸಿದ: ಹೆಬ್ಬೆರಳು ಬಿಟ್ಟೆ, ಉಗುರುಸಂದಿ ಬಿಟ್ಟೆ, ಇನ್ನೊಮ್ಮೆ. ಮದುವೆಯಲ್ಲಿ ತೊಟ್ಟ ಉಂಗುರ ಅರ್ಧ ಸೋಪು ತಿಂದ ಮೇಲೆ ಕಳಚಿತು. ಆಗಲೇ ಗ್ಲೌಸು, ಆಗಲೇ ಪಟ್ಟಿ. ದಿನಾ ಇದೇ ತಪಾಸಣೆ. ಅಷ್ಟು ಕೈ ತೊಳೆದದ್ದಕ್ಕೆ ತುಂಗಭದ್ರೆಯ ನೀರೇ ಒಂದಡಿ ಇಳಿಯಿತು ಎನ್ನುತ್ತಾನೆ ಗಾದಿಲಿಂಗಪ್ಪ.

ನಾಲ್ಕನೆಯ ವಾರ ಹೊನ್ನೂರಪ್ಪ ಕಾಲಿನ ಕಿರುಬೆರಳೊಂದನ್ನು ಕಳೆದುಕೊಂಡು, ಪಾದ ಉಳಿಸಿಕೊಂಡು ಹೊರಟ. ಬೀಳ್ಕೊಡಲು ಗಾದಿಲಿಂಗಪ್ಪ ಕೈ ಚಾಚಿದ. ಹೊನ್ನೂರಪ್ಪ ಕೈ ಕೊಡಲಿಲ್ಲ, ಗದ್ದ ಎತ್ತಿ ನಳ ತೋರಿಸಿದ.

ಗಾದಿಲಿಂಗಪ್ಪ ಹೋಗಿ ತೊಳೆದುಕೊಂಡು ಬಂದ.