ಎತ್ತಿನ ಮೇಲಿನ ಹಲ್ಲು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನಾಗ ಗೋಕಾಕದಲ್ಲಿ ಶಾಲಾ ಮಾಸ್ತರ. ಸಂಜೆ ನಾನೂ ಅಂಚೆ ಗುಮಾಸ್ತನೂ ಗೊಂಬೆ ಮಾಡುವವನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಅವನು ಕಟ್ಟಿಗೆಯ ಮಾವು, ಪೇರಲಗಳಿಗೆ ಬಣ್ಣ ಹಚ್ಚುತ್ತ, ತಲೆ ಎತ್ತದೆ ಏನಾದರೊಂದು ವಿಚಿತ್ರ ಸಂಗತಿ ಹೇಳುತ್ತಿದ್ದ. ಇರುವೆಯೂ ನಿದ್ದೆ ಮಾಡುತ್ತದಂತೆ, ಜೇನುತುಪ್ಪ ಕೆಡುವುದಿಲ್ಲವಂತೆ. ನಾವು ನಕ್ಕರೆ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, "ಬೇಕಾದ್ರ ನೋಡಿ ಬರ್ರಿ" ಅನ್ನುತ್ತಿದ್ದ.

ಒಂದು ದಿನ, "ಎತ್ತಿಗಿ ಮ್ಯಾಲಿನ ಮುಂದಿನ ಹಲ್ಲ ಇರೂದಿಲ್ರಿ" ಅಂದ. ಅಂದು ಮುಂಜಾನೆಯಷ್ಟೇ ನಾನು ಹಲಗೆಯ ಮೇಲೆ ಎತ್ತು ಬರೆದು, ಅದರ ಬಾಯಿಗೆ ಎರಡೂ ಸಾಲು ಹಲ್ಲು ಕೊಟ್ಟು ಪಾಠ ಮಾಡಿದ್ದೆ. ಸಿಟ್ಟು ಬಂತು.

"ಕಾಕಾ, ಸುಳ್ಳಾದ್ರ ನೀ ಇನ್ನ ಬಾಯಿ ತೆಗಿಬಾರದು. ಖರೆ ಆದ್ರ ನಾ ಹುಡುಗರ ಮುಂದ ತಪ್ಪು ಒಪ್ಕೋತೇನಿ."

ನೋಡಿಯೇ ಬಿಡೋಣವೆಂದು ಯಮಕನಮರಡಿಯ ಸಂತೆಗೆ ಹೋದೆ. ಅಲ್ಲಿ ರೈತನೊಬ್ಬ ತನ್ನ ಎತ್ತಿನ ತುಟಿ ಎತ್ತಿ ತೋರಿಸಿದ. ಕೆಳಗೆ ಹಲ್ಲು, ಮೇಲೆ ಬರೀ ಒಸಡು. "ಇಷ್ಟೂ ಗೊತ್ತಿಲ್ಲೇನ್ರಿ?" ಅಂದ.

ಹುಡುಗರಿಗೆ ಏನು ಹೇಳಲೆಂದು ಯೋಚಿಸುತ್ತ ಕಟ್ಟೆಗೆ ಬಂದೆ. ಅಲ್ಲಿ ಒಣಗಲಿಟ್ಟಿದ್ದ, ಬಾಯಿ ತೆರೆದ ಆಟಿಕೆಯ ಎತ್ತುಗಳಿಗೆಲ್ಲ ಮೇಲೂ ಬಿಳಿ ಹಲ್ಲು!

"ಗೊತ್ತಿದ್ದೂ ಹಲ್ಲ ಯಾಕ ಬರದಿ, ಕಾಕಾ?"

"ಮೊದಲ ಬರೀತಿದ್ದಿಲ್ರಿ. ಹೋದ ದೀಪಾವಳಿಗಿ ನಿಮ್ಮ ಮಗಳ ಹಳೇ ಎತ್ತ ನೀವ ವಾಪಸ್ ತಂದಿದ್ರಿ, ಮ್ಯಾಲಿನ ಹಲ್ಲ ಬರಿಯೂದ ಮರತೀ ಅಂತ."

"ನಾನ?"

ಅವನು ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡ. "ಬೇಕಾದ್ರ ನೋಡಿ ಬರ್ರಿ."

ಮನೆಗೆ ಹೋಗಿ ಮಗಳ ಎತ್ತನ್ನು ಬೆಳಕಿಗೆ ಹಿಡಿದೆ. ಕೆಳಗಿನ ಹಲ್ಲಿನ ಬಣ್ಣ ಮಾಸಿತ್ತು. ಮೇಲಿನದು ಇನ್ನೂ ಹೊಸದಾಗಿತ್ತು.