ಹೂಕೋಸು ಬಚ್ಚಿಟ್ಟ ಮ್ಯಾಕರೋನಿ

ಮಗು ಎಷ್ಟು ತಿಂದಿತು ಎಂಬುದನ್ನು ಕೋರಿನ್ ತಟ್ಟೆ ನೋಡಿ ಅಳೆಯುತ್ತಿರಲಿಲ್ಲ, ನೆಲ ನೋಡಿ ಅಳೆಯುತ್ತಿದ್ದಳು. ಕೆಳಗೆ ಬಿದ್ದದ್ದು, ಬಟ್ಟೆಗೆ ಮೆತ್ತಿದ್ದು, ಬಾಯಿಗೆ ಹೋಗಿ ವಾಪಸ್ ಬಂದದ್ದು, ಇಷ್ಟನ್ನೂ ಕಳೆದರೆ ಉಳಿದದ್ದು ಹೊಟ್ಟೆಗೆ. ನಾಲ್ಕು ವರ್ಷದ ಟಿಲ್ಲಿಯ ವಿಷಯದಲ್ಲಿ ಆ ಉಳಿದದ್ದು ಯಾವತ್ತೂ ಕಡಿಮೆಯೇ.

ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣಕ್ಕೆ, ಒಂದಕ್ಕೊಂದು ಭುಜ ತಾಗಿಸಿ ನಿಂತ ಮರದ ಮನೆಗಳ ಬೀದಿಯಲ್ಲಿ ಅವರ ವಾಸ. ಕೆಳಗಿನ ಮನೆಯಲ್ಲಿ ಕೋರಿನ್, ಗಂಡ ನೇಟ್, ಮಗಳು. ಮೇಲಿನ ಮನೆಯಲ್ಲಿ ಅತ್ತೆ ರೀಟಾ ಗೊರಾಲ್ಸ್ಕಿ. ನೇಟ್‌ನದು ಕಾರ್ಖಾನೆಯಲ್ಲಿ ಸಂಜೆ ಪಾಳಿ. ಹಾಗಾಗಿ ವಾರದ ದಿನಗಳ ರಾತ್ರಿಯೂಟವೆಲ್ಲ ಕೋರಿನ್‌ಳ ತಲೆಗೆ. ಹಲ್ಲಿನ ಡಾಕ್ಟರ ಕಚೇರಿಯಲ್ಲಿ ದಿನವಿಡೀ ಫೋನೆತ್ತಿ, ಡೇಕೇರ್‌ನಿಂದ ಮಗುವನ್ನು ಕರೆತಂದು, ಕೋಟು ಬಿಚ್ಚುವ ಮೊದಲೇ ಒಲೆಯ ಮೇಲೆ ನೀರಿಡುತ್ತಿದ್ದಳು.

ಅವಳು ಶಿಕಾಗೋದಲ್ಲಿ ಬೆಳೆದವಳು, ಕಾಲೇಜಿನಲ್ಲಿದ್ದಾಗಲೇ ಮಾಂಸ ಬಿಟ್ಟವಳು. ಈ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗ ರೀಟಾ ಮಾಂಸದ ಸಾಸೇಜನ್ನು ಪಕ್ಕಕ್ಕೆ ಎತ್ತಿಟ್ಟು, ಅದು ಬೆಂದ ನೀರಿನಲ್ಲೇ ಬೆಂದ ಎಲೆಕೋಸನ್ನು "ಇದು ನಿಂಗೆ" ಎಂದು ಬಡಿಸಿದ್ದರು. ಆಮೇಲಿನಿಂದ ಕೋರಿನ್ ತನ್ನ ಅಡುಗೆಯನ್ನು ತಾನೇ ರೂಢಿಸಿಕೊಂಡಳು. ಬೇಗ ಆಗಬೇಕು, ಮೇಲೆ ಚೀಸ್ ಕರಗಿ ಹರಿಯಬೇಕು, ತಿಂದವರಿಗೆ ಹೊಟ್ಟೆ ಬೆಚ್ಚಗಾಗಬೇಕು. ನಡುವೆ ಚೀಸ್ ಇಟ್ಟು ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡು, ಜೊತೆಗೆ ಟೊಮೆಟೊ ಸೂಪು. ಬೆಂದ ಆಲೂಗಡ್ಡೆಯ ಹೊಟ್ಟೆ ಸೀಳಿ ತುಂಬಿದ ಬ್ರೊಕೊಲಿ. ಕರಿ ಬೀನ್ಸ್ ಹಾಕಿ ಮಡಚಿದ ಟೋರ್ಟಿಯಾ ರೊಟ್ಟಿ. ಟಿಲ್ಲಿ ಒಂದೊಂದನ್ನಾಗಿ ತಿನ್ನುವುದು ಬಿಟ್ಟಳು. ಬ್ರೊಕೊಲಿ 'ಮರ'ವಾಯಿತು, ಬೀನ್ಸ್ 'ಹುಳ'ವಾಯಿತು, ಸೂಪು ಕಾರಣವೇ ಇಲ್ಲದೆ 'ಬೇಡ'ವಾಯಿತು. ಕೊನೆಗೆ ಉಳಿದದ್ದು ಚೀಸ್ ಹಾಕಿದ ಮ್ಯಾಕರೋನಿ ಒಂದೇ.

"ಗೆರೆ ಮೇಲಕ್ಕೆ ಹೋಗ್ತಿಲ್ಲ, ಮಲಗಿಬಿಟ್ಟಿದೆ," ಎಂದಿದ್ದರು ಮಕ್ಕಳ ಡಾಕ್ಟರು, ಟಿಲ್ಲಿಯ ತೂಕದ ನಕ್ಷೆ ತೋರಿಸಿ. "ಗಾಬರಿ ಬೇಡ. ಮುಂದಿನ ತಿಂಗಳು ಇನ್ನೊಮ್ಮೆ ತೂಗೋಣ."

ಗಾಬರಿ ಬೇಡ ಎಂದ ಮೇಲೆ ಗಾಬರಿಯಾಗದೆ ಇರಲು ಕೋರಿನ್ ಕಲ್ಲೇ? ಅಂದಿನಿಂದ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತ್ತು. ನಿದ್ದೆ ಹೋದ ಮಗುವಿನ ಮುಂಗೈ ಹಿಡಿದು ನೋಡುವಳು: ನಿನ್ನೆಗಿಂತ ಸಣ್ಣಗಾಗಿದೆಯೇ?

ಡೇಕೇರ್‌ನ ಬಾಗಿಲಲ್ಲಿ ಇನ್ನೊಬ್ಬ ತಾಯಿ ಉಪಾಯ ಹೇಳಿಕೊಟ್ಟಳು. "ಬಚ್ಚಿಟ್ಟು ತಿನ್ಸು ಕಣೆ. ಹೂಕೋಸು ಬೇಯ್ಸಿ, ಮಿಕ್ಸಿಗೆ ಹಾಕಿ, ಚೀಸ್ ಸಾಸಲ್ಲಿ ಸೇರ್ಸು. ನಾವೆಲ್ಲ ಮಾಡೋದು ಹಾಗೇ. ನಮ್ಮನೆ ಹುಡ್ಗ ಇವತ್ತಿಗೂ ಪಾಲಕ್ ಮುಟ್ಟಿಲ್ಲ ಅಂದ್ಕೊಂಡಿದಾನೆ!"

ಕೋರಿನ್ ಹಾಗೇ ಮಾಡಿದಳು. ಟಿಲ್ಲಿ ಬಟ್ಟಲು ನೆಕ್ಕಿದಳು. ಮರುವಾರ ಹೂಕೋಸು ಹೆಚ್ಚಿತು, ಅದರ ಬೆನ್ನಿಗೆ ಸಿಹಿಗುಂಬಳ, ಆಮೇಲೆ ಬಿಳಿ ಬೀನ್ಸ್. ಮಗಳು ಮಲಗಿದ ಮೇಲೆ ಬೇಯಿಸಿ ಅರೆದು ಫ್ರೀಜರಿನಲ್ಲಿಡುವಳು, ಕಳ್ಳ ಬೆಕ್ಕಿನ ಹಾಗೆ. ಅತ್ತೆಗೆ ಗುಟ್ಟು ಹೇಳಿದ್ದಳು. ಗೆದ್ದೆ ಎನ್ನಿಸುತ್ತಿತ್ತು. ಆದರೂ ಟಿಲ್ಲಿ ಚಮಚ ಎತ್ತಿದಾಗಲೆಲ್ಲ ಕೋರಿನ್ ಕಣ್ಣು ಕೀಳದೆ ನೋಡುತ್ತಿದ್ದಳು.

ತೂಕ ನೋಡುವ ವಾರ ಬಂತು. ಮಂಗಳವಾರ ಸಂಜೆ ರೀಟಾ ಕೆಳಗಿಳಿದು ಬಂದು ಮೇಜಿಗೆ ಕೂತರು.

"ಇವತ್ತೂ ಅದೇನಾ? ಒಂದು ಚೂರು ಹಂದಿಮಾಂಸ ಹಾಕಿದ್ರೆ ಆಕಾಶ ಬೀಳಲ್ಲ."

"ರೀಟಾ, ದಯವಿಟ್ಟು."

"ಆಯ್ತಮ್ಮ, ನಂದೇನೂ ಇಲ್ಲ." ಒಂದು ಚಮಚ ಬಾಯಿಗಿಟ್ಟರು. ಹುಬ್ಬು ಮೇಲೇರಿತು. ಮನಸ್ಸು ತುಂಬಿ, ಮನೆ ತುಂಬುವ ದನಿಯಲ್ಲಿ ಹೇಳಿದರು: "ಅರೆ, ಏನ್ ಚೆನ್ನಾಗಿದೆ! ಇಷ್ಟು ಹೂಕೋಸು ಹಾಕಿದೀಯ, ಒಂಚೂರೂ ಗೊತ್ತಾಗಲ್ವಲ್ಲೇ!"

ಟಿಲ್ಲಿಯ ಚಮಚ ಅರ್ಧದಾರಿಯಲ್ಲಿ ನಿಂತಿತು.

"ಅಮ್ಮಾ, ಇದ್ರಲ್ಲಿ ಏನಿದೆ?"

"ಚೀಸ್ ಪುಟ್ಟಾ. ಬರೀ ಚೀಸ್."

"ಬುಶಾ ಹೂಕೋಸು ಅಂದ್ರು."

ಬುಶಾ ಎಂದರೆ ಅಜ್ಜಿ. ಅಜ್ಜಿ ಕಿಟಕಿಯಾಚೆ ನೋಡಿದರು. ಕೋರಿನ್ ಎರಡನೇ ಸಲ ಹೇಳಿದಳು, "ಇಲ್ಲ, ಬುಶಾ ತಮಾಷೆ ಮಾಡಿದ್ರು." ಮಗು ಅಮ್ಮನ ಮುಖವನ್ನು ಒಂದಿಷ್ಟು ಹೊತ್ತು ನೋಡಿತು. ಮ್ಯಾಕರೋನಿಯ ಕೊಳವೆಯೊಂದನ್ನು ಎತ್ತಿ ಕಣ್ಣಿಗೆ ಹಿಡಿದು ಒಳಗೆ ಇಣುಕಿತು. ಅತ್ತದ್ದೂ ಇಲ್ಲ, ರಂಪ ಮಾಡಿದ್ದೂ ಇಲ್ಲ. ಚಮಚ ಕೆಳಗಿಟ್ಟು ಕುರ್ಚಿಯಿಂದ ಇಳಿಯಿತು.

ಮರುದಿನ ಬೆಳಿಗ್ಗೆ ಹಾಲಿನ ಲೋಟ ನೋಡಿ "ಇದ್ರಲ್ಲಿ ಏನಿದೆ?" ಬ್ರೆಡ್ಡು ನೋಡಿ "ಇದ್ರಲ್ಲಿ?" ಏನೂ ಬೆರೆಸದ ಡಬ್ಬಿಯ ಮ್ಯಾಕರೋನಿಯನ್ನೇ ಮಾಡಿಕೊಟ್ಟರೂ ಅದೇ ಪ್ರಶ್ನೆ. "ಏನೂ ಇಲ್ಲ" ಎಂಬ ಅಮ್ಮನ ಮಾತು ಆ ಮನೆಯಲ್ಲಿ ಚಲಾವಣೆ ಕಳೆದುಕೊಂಡಿತ್ತು. ಮುಚ್ಚಿದ ಪೊಟ್ಟಣದಿಂದ ತಾನೇ ತೆಗೆದ ಉಪ್ಪು ಬಿಸ್ಕತ್ತು, ನಲ್ಲಿಯಿಂದ ತಾನೇ ಹಿಡಿದ ನೀರು, ಅಷ್ಟೇ. ಇದ್ದ ಒಂದೇ ಅಡುಗೆಯನ್ನೂ ಕೋರಿನ್ ತನ್ನ ಕೈಯಾರೆ ಕಳೆದಿದ್ದಳು. ಇನ್ನು ತನ್ನ ಕೈಯಿಂದ ಮಗು ಏನನ್ನೂ ತಿನ್ನದಿದ್ದರೆ?

ಗುರುವಾರ ಸಂಜೆ, ಊಟದ ಬಿಡುವಿನಲ್ಲಿ ನೇಟ್ ಫೋನ್ ಮಾಡಿದ. "ಒಂದು ಪೀಟ್ಸಾ ತರ್ಸೆ."

"ಒಳಗೇನಿದೆ ಅಂತ ಕೇಳ್ತಾಳೆ ನೇಟ್!"

"ಚೀಸ್ ಅನ್ನು."

"ನಾನು ಅವತ್ತು ಹೇಳಿದ್ದೂ ಅದೇ ಅಲ್ವಾ!"

ಫೋನಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ರೀಟಾರ ಚಪ್ಪಲಿಯ ಸದ್ದು. ಒಳಗೆ ಬಂದವರೇ ಶುರು ಮಾಡಿದರು. "ಒಂದು ಸಲ, ಒಂದೇ ಒಂದು ಸಲ ಬಾಯ್ಬಿಟ್ಟು ಸೊಸೇನ ಹೊಗಳ್ದೆ. ಅದೂ ಹೀಗಾಯ್ತು."

"ತಪ್ಪು ನಿಮ್ದಲ್ಲ. ಸುಳ್ಳು ಹೇಳಿದ್ದು ನಾನು."

"ನಾಳೆ ತೂಕ ಅಲ್ವೇ?"

"ಅದನ್ನ ನೆನಪಿಸ್ಬೇಡಿ!"

ಟಿಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಕೆನ್ನೆ ಇಳಿದಿದೆಯೋ, ದೀಪದ ಬೆಳಕೇ ಹಾಗೋ, ಕೋರಿನ್‌ಗೆ ತಿಳಿಯಲಿಲ್ಲ. ಅವಳು ನೆಲಕ್ಕೆ ಕುಕ್ಕರಗಾಲಲ್ಲಿ ಕೂತಳು.

"ಟಿಲ್ಲಿ, ನಾನು ಹೂಕೋಸು ಹಾಕಿದ್ದೆ. ತುಂಬಾ ಸಲ ಹಾಕಿದ್ದೆ. ಇಲ್ಲ ಅಂತ ಸುಳ್ಳು ಹೇಳ್ದೆ."

ಟಿಲ್ಲಿ ಅಂಗಿ ಎತ್ತಿ ಹೊಟ್ಟೆ ನೋಡಿಕೊಂಡಳು. "ಈಗ್ಲೂ ನನ್ ಹೊಟ್ಟೇಲಿದ್ಯಾ?"

"ಇಲ್ಲಮ್ಮ. ಹೋಯ್ತು."

"ಎಲ್ಲಿಗೆ? ಕಕ್ಕಸಿಗಾ?"

ರೀಟಾ ಬಾಯಿಗೆ ಕೈ ಅಡ್ಡವಿಟ್ಟುಕೊಂಡರು. "ನೇರ ಅಲ್ಲಿಗೇ ಕಣೇ ಗುಬ್ಬಿ."

ಕೋರಿನ್ ಮಗಳನ್ನು ಎತ್ತಿ ಒಲೆಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ನಿಲ್ಲಿಸಿದಳು. "ಇವತ್ತು ನೀನೇ ಹಾಕು. ನೀನು ಹಾಕದೆ ಇದ್ದದ್ದು ಇದ್ರೊಳಗೆ ಇರಲ್ಲ."

ಟಿಲ್ಲಿ ಖಾಲಿ ಪಾತ್ರೆಯನ್ನು ಬೋರಲು ಹಾಕಿ ನೋಡಿದಳು. ಹಾಲಿನ ಡಬ್ಬಿಗೆ ಒಂದು ಕಣ್ಣಿಟ್ಟು ಇಣುಕಿದಳು. ಬೆಣ್ಣೆ ಮೂಸಿದಳು. ಚೀಸ್ ಗಟ್ಟಿಯನ್ನು ತಾನೇ ತುರಿಯುತ್ತೇನೆಂದು ಹಟ ಹಿಡಿದಳು. ಎಳೆಯ ಬೆರಳು ತುರಿಮಣೆಯ ಹಲ್ಲಿಗೆ ಹತ್ತಿರ ಹೋದಾಗಲೆಲ್ಲ ಕೋರಿನ್ "ಹುಷಾರು, ಹುಷಾರು" ಎನ್ನುತ್ತ ತನ್ನ ಬೆರಳನ್ನೇ ಅಡ್ಡ ಹಿಡಿದಳು. ಸಾಸ್ ಗಂಟು ಗಂಟಾಯಿತು. ಉಪ್ಪು ಬೇಡವೆಂದು ಅಪ್ಪಣೆಯಾಯಿತು. ಬ್ರೆಡ್ ಪುಡಿ ಹುರಿಯಲೆಂದು ಪಕ್ಕದ ಒಲೆಯಲ್ಲಿ ಬೆಣ್ಣೆ ಕಾಯುತ್ತಿದ್ದ ಬಾಣಲೆಗೆ ಟಿಲ್ಲಿಯ ಮುಷ್ಟಿಯಿಂದ ಜಾರಿದ ಚೀಸ್ ತುರಿ ಬಿತ್ತು, ಚರ್ ಎಂದಿತು, ಕರಗಿ ಹರಡಿ ನೊರೆಯಾಡಿತು.

"ಬಿಡು, ಒರೆಸ್ತೀನಿ," ಎಂದಳು ಕೋರಿನ್.

"ಬೇಡ! ನಾನ್ ಬೀಳ್ಸಿದ್ದು ಅದು."

ಮೊದಲು ಬುಶಾ ತಿನ್ನಬೇಕು, ಆಮೇಲೆ ಅಮ್ಮ. ಇಬ್ಬರೂ ಗಂಟು ಮ್ಯಾಕರೋನಿಯನ್ನು ನುಂಗಿದರು. "ಉಪ್ಪೇ ಇಲ್ವಲ್ಲೇ," ಎಂದು ಗೊಣಗಹೊರಟ ರೀಟಾ ಸೊಸೆಯ ಕಣ್ಣು ನೋಡಿ "ಅಮೃತ!" ಎಂದು ತಿದ್ದಿಕೊಂಡರು. ಟಿಲ್ಲಿ ಒಂದು ಚಮಚ ತಿಂದಳು. ಇನ್ನೊಂದು. ಬಟ್ಟಲು ಅರ್ಧವಾಗುವಷ್ಟರಲ್ಲಿ ನಿಲ್ಲಿಸಿದಳು. ಕೋರಿನ್ ಉಳಿದದ್ದನ್ನು ಕಣ್ಣಲ್ಲೇ ಅಳೆದಳು: ಸಾಕಾಯಿತೆ? ಇಷ್ಟೇನಾ?

ಮಗು ಬಾಣಲೆಯತ್ತ ಬೆರಳು ಮಾಡಿತು. ಬಿದ್ದ ಚೀಸ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಗರಿಯಾಗಿ, ತೂತು ತೂತಾದ ಹಪ್ಪಳವಾಗಿತ್ತು. ಟಿಲ್ಲಿ ಈವರೆಗೆ ಕಂದು ಬಣ್ಣದ ಏನನ್ನೂ ಬಾಯಿಗಿಟ್ಟವಳಲ್ಲ. ಕೋರಿನ್ ಅದನ್ನೆತ್ತಿ, ಊದಿ ಊದಿ ಆರಿಸಿ ಕೊಟ್ಟಳು. ಬಾಯಿ ಸುಟ್ಟೀತು, ಗಂಟಲಿಗೆ ಸಿಕ್ಕೀತು, ಜಿಡ್ಡು ಜಾಸ್ತಿಯಾಯಿತು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ತಡೆದಳು.

ಕರುಂ ಎಂದಿತು. ಟಿಲ್ಲಿ ಏನನ್ನೂ ಕೇಳದೆ ಪೂರ್ತಿ ತಿಂದಳು, ಎಣ್ಣೆಗೈಯನ್ನು ಅಮ್ಮನ ತೋಳಿಗೆ ಒರೆಸಿದಳು.

"ಇನ್ನೊಂದ್ ಮಾಡು," ಎಂದಳು. "ಈ ಸಲ ನೀನೇ ಹಾಕು."